ಯಂತ್ರ ಹಾಡಿದ ಆರತಿ ಹಾಡು

ದೆವ್ವ, ಶಕುನ ಎಂದು ಯಾರಾದರೂ ಮಾತು ತೆಗೆದರೆ ಮೂಗು ಮುರಿಯುವವನು ನಾನು. ಹಾಡು ರೆಕಾರ್ಡ್ ಮಾಡುವುದು ನನ್ನ ಕಸುಬು. ಕೇಳುವ ಪ್ರತಿ ಸದ್ದಿಗೂ ಎಲ್ಲೋ ಒಂದು ತಂತಿಯೋ ಗುಂಡಿಯೋ ಕಾರಣವಾಗಿರುತ್ತದೆ ಎಂದೇ ನಂಬಿದ್ದವನು. ಆದರೂ ಆ ಮಧ್ಯಾಹ್ನದ ಸಂಗತಿಯನ್ನು ನಡೆದಂತೆಯೇ ಹೇಳುತ್ತೇನೆ, ನಗುವುದಾದರೆ ನಗಿ.

ತಮಿಳರ ನಡುವೆ ಬೆಳೆದ ಕನ್ನಡದವರು ನಾವು, ಮಾತಿನಲ್ಲಿ ತಮಿಳು ಬೆರೆತೇ ಇರುತ್ತದೆ. ಆಗ ಎಗ್ಮೋರ್‌ನಲ್ಲಿ ನನ್ನದೊಂದು ಪುಟ್ಟ ಸ್ಟುಡಿಯೋ ಇತ್ತು. ಕಂಪ್ಯೂಟರೇ ಹಾಡುವ ಸಾಫ್ಟ್‌ವೇರ್ ಆಗಷ್ಟೇ ಬಂದಿತ್ತು. ಸ್ವರ ಬರೆದು ಕೆಳಗೆ ಅಕ್ಷರ ಕೂಡಿಸಿದರೆ ಒಂದು ಹೆಣ್ಣುದನಿ ಹಾಡುತ್ತಿತ್ತು. ಇಂಗ್ಲಿಷಿಗೆಂದು ಮಾಡಿದ್ದು, ನಮ್ಮ ಹಾಡು ಹಾಕಿದರೆ ನೆಗಡಿಯಾದವರು ಹಾಡಿದಂತೆ ಕೇಳುತ್ತಿತ್ತು.

ನನ್ನ ಒಡಹುಟ್ಟಿದ ವನಜಕ್ಕನ ಮಗಳ ಮದುವೆ ಹತ್ತಿರ ಬಂದಿತ್ತು. ನಮ್ಮ ಮನೆತನದಲ್ಲಿ ಮದುವೆಯ ಆರತಿ ಹಾಡನ್ನು ಹುಡುಗಿಯ ತಾಯಿಯೇ ಎತ್ತಿಕೊಳ್ಳಬೇಕು; ಮಿಕ್ಕವರು ಹಿಂದೆ ದನಿಗೂಡಿಸುತ್ತಾರೆ. ಅಕ್ಕನಿಗೋ ಥೈರಾಯ್ಡ್ ಆಪರೇಷನ್ ಆದಮೇಲೆ ಹಾಡಲು ಭಯ. ಗಂಟಲು ಸರಿಯಾಗಿದೆ ಎಂದು ಡಾಕ್ಟರು ಎಷ್ಟು ಹೇಳಿದರೂ ಒಂದು ಸಾಲೂ ಗುನುಗುತ್ತಿರಲಿಲ್ಲ.

"ನಿನ್ನ ಮೆಷಿನ್ನೇ ಹಾಡ್ಲಿ ಡಾ, ನಾನು ತಟ್ಟೆ ಹಿಡ್ಕೊಂಡು ನಿಲ್ತೀನಿ," ಎಂದಳು. ನನಗೆ ಸಂಕಟವಾಯಿತು. ಆದರೂ ಗಮಕ ಗಿಮಕ ಒಂದೂ ಇಲ್ಲದೆ, ನೇರ ಸ್ವರಗಳಲ್ಲಿ ಹಾಡು ಕೂರಿಸಿದೆ.

ಅಕ್ಕ ಸ್ಟುಡಿಯೋಗೆ ಬಂದು ಕೂತಳು. ಹಾಡು ಹಾಕಿದೆ. ಮೊದಲ ನುಡಿ ಎಂದಿನ ನೆಗಡಿ ದನಿಯಲ್ಲೇ ಮುಗಿಯಿತು. ಎರಡನೆಯ ನುಡಿಯ ಕೊನೆಯಲ್ಲಿ ದನಿ ಮೆಲ್ಲಗೆ ಕೆಳಕ್ಕೆ ಜಾರಿತು. ಆ ಜಾರು ತೀರಿಹೋದ ನಮ್ಮ ಅಮ್ಮನದು. ರಾಗಕ್ಕೆ ಹೊಂದದ ತಪ್ಪು. ಅತ್ತೆಯಂದಿರು ಎಷ್ಟು ಗೇಲಿ ಮಾಡಿದರೂ ಅಮ್ಮ ಅದನ್ನು ಬಿಟ್ಟಿರಲಿಲ್ಲ. ಬೇರೆ ಯಾರೂ ಹಾಗೆ ಹಾಡುತ್ತಿರಲಿಲ್ಲ. ನಾನು ಗುಂಡಿಯ ಮೇಲಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡೆ.

ಅಕ್ಕ ಮಾತ್ರ ನಾನೇ ಹಾಗೆ ಕೂರಿಸಿದ್ದೇನೆಂದು ತಿಳಿದು ಸಿಡುಕಿದಳು. "ಹಾಗಲ್ಲ ಡಾ, ಅಮ್ಮ ಇನ್ನೂ ಕೊಂಜ ಕೆಳಗೆ ಇಳೀತಿದ್ಲು," ಎಂದವಳೇ ಹಾಡಿ ತೋರಿಸಿದಳು. ದನಿ ಒಡೆದಿತ್ತು, ಆದರೆ ಬಂತು. ತನ್ನ ದನಿಗೆ ತಾನೇ ಬೆಚ್ಚಿ ಬಾಯಿಗೆ ಕೈಯಿಟ್ಟುಕೊಂಡಳು. ಆಮೇಲೆ ಕೈ ತೆಗೆದು ಮೊದಲಿಂದ ಹಾಡಿದಳು. ನಾನು ಅತ್ತೇಬಿಟ್ಟೆ.

ಅವಳು ಹೋದಮೇಲೆ ಪರದೆ ನೋಡಿದೆ. ಸ್ವರ ನಾನು ಬರೆದಂತೆ ನೇರವಾಗಿಯೇ ಇತ್ತು. ಮತ್ತೆ ಮತ್ತೆ ಹಾಕಿ ಕೇಳಿದೆ. ಯಂತ್ರ ಒಮ್ಮೆಯೂ ಜಾರಲಿಲ್ಲ. ಸಾಫ್ಟ್‌ವೇರ್ ಒಂದು ಗಳಿಗೆ ಕೆಟ್ಟಿತ್ತು ಎನ್ನೋಣವೇ? ಕೆಟ್ಟರೂ ಸರಿಯಾಗಿ ಅಮ್ಮ ಜಾರುತ್ತಿದ್ದ ಜಾಗದಲ್ಲೇ ಕೆಡಬೇಕೇ?

ಮದುವೆಯಲ್ಲಿ ಹಾಡನ್ನು ಅಕ್ಕನೇ ಎತ್ತಿಕೊಂಡಳು. ಎರಡನೆಯ ನುಡಿಯ ಕೊನೆಗೆ, ಹಸೆಯ ಮೇಲಿದ್ದ ಮಗಳೂ ದನಿ ಸೇರಿಸಿ ಅಷ್ಟೇ ಕೆಳಗೆ ಇಳಿದಳು. ಅಜ್ಜಿಯನ್ನು ಕಂಡೇ ಇರದ ಹುಡುಗಿ! ಯಾವಾಗ ಕಲಿತೆ ಎಂದು ಕೇಳಿದರೆ, ಎಂದಿನಂತೆ ತಮಿಳಿನಲ್ಲೇ ಉತ್ತರ ಕೊಟ್ಟಳು: ಅಮ್ಮ ಈಗ ದಿನಾ ಅಡುಗೆಮನೆಯಲ್ಲಿ ಹಾಡುತ್ತಲೇ ಇರುತ್ತಾಳಂತೆ.

ಮಗಳಿಗೆ ಅಕ್ಕ ಕಲಿಸಿದಳು, ಅಕ್ಕನಿಗೆ ಅಮ್ಮ. ಯಂತ್ರಕ್ಕೆ ಯಾರು ಕಲಿಸಿದರೋ ನನಗೆ ಇಂದಿಗೂ ಗೊತ್ತಿಲ್ಲ.