ಮಡಿಸೀರೆ ಮತ್ತು ಐದು ಮೊಟ್ಟೆ

ಧಾರವಾಡದ ಭೀಮಸೇನ ವಿಮಾ ಕಚೇರಿಯ ವರ್ಗಾವಣೆಯ ಮೇಲೆ ಅಹಮದಾಬಾದಿಗೆ ಬಂದು ಹದಿನೆಂಟು ವರ್ಷ. ಕೆಲಸ ಮರಣ ಕ್ಲೇಮುಗಳ ವಿಭಾಗದಲ್ಲಿ. ಊರಲ್ಲಿ ಯಾರು ಯಾವುದರಿಂದ ಸತ್ತರೆಂದು ಆತನಿಗೆ ಗೊತ್ತು. ಅದೇ ಊರಿನ ಬೋಪಾಲ್ ಬಡಾವಣೆಯ ತನ್ನ ಮನೆಯಲ್ಲಿ ಚಹಾಪುಡಿ ಯಾವ ಡಬ್ಬಿಯಲ್ಲಿದೆ ಎಂಬುದು ಮಾತ್ರ ಹೆಂಡತಿ ಕಮಲಾಕ್ಷಿ ತೀರಿಕೊಂಡ ಮೇಲೆ ಗೊತ್ತಾಯಿತು, ಪುಣ್ಯಾತ್ಮನಿಗೆ.

ಕಾರ್ತಿಕದಲ್ಲೊಂದು ಬೆಳಿಗ್ಗೆ ಆಕೆ ಪೂಜೆ ಮುಗಿಸಿ, ಮಡಿಸೀರೆ ಬಿಚ್ಚಿಟ್ಟು, ಒಲೆಯ ಮುಂದೆ ಕುಸಿದಿದ್ದಳು. ಅಂದಿನಿಂದ ಭೀಮಸೇನನಿಗೆ ಅಳುವೂ ಇಲ್ಲ, ಹಸಿವೂ ಇಲ್ಲ. ಆಫೀಸಿಗೆ ಹೋಗುತ್ತಿದ್ದ, ಬರುತ್ತಿದ್ದ. ಅತ್ತಿಗೆ ಬಂದು ಅವಳ ಸೀರೆಗಳನ್ನೆಲ್ಲ ಹಂಚಿದಳು. ಒಗೆಯದೆ ಉಳಿದ ಆ ಮಡಿಸೀರೆಯೊಂದನ್ನು ಮಾತ್ರ ಅವನು ಕಪಾಟಿನಲ್ಲಿ ಬಚ್ಚಿಟ್ಟ. ಅದರಲ್ಲಿ ಇನ್ನೂ ಅವಳ ವಾಸನೆಯಿತ್ತು.

ಬಾಲ್ಕನಿಯಲ್ಲಿ ಅವಳು ಸಾಕಿದ ಲವ್‌ಬರ್ಡ್ ಜೋಡಿಯಿತ್ತು. ಅವಳಿದ್ದಾಗ ಎರಡು ಸಲ ಮರಿ ಮಾಡಿದ್ದ ಹೆಣ್ಣುಹಕ್ಕಿ, ಆಮೇಲೆ ಎರಡು ಸಲ ಮೊಟ್ಟೆಯಿಟ್ಟು, ತಿಂಗಳಿಡೀ ಕಾವು ಕೊಟ್ಟು, ಮರಿಯಾಗದೆ ಬಿಟ್ಟೆದ್ದಿತು. ಈಗ ಮತ್ತೆ ಐದು ಮೊಟ್ಟೆ. ತನ್ನ ಕೈಯಲ್ಲಿ ಅವಳದ್ದೇನೂ ಬದುಕುವುದಿಲ್ಲ ಎಂದು ಭೀಮಸೇನ ತೀರ್ಮಾನಿಸಿಬಿಟ್ಟಿದ್ದ.

ಚೈತ್ರದ ಉರಿಬಿಸಿಲಲ್ಲಿ ವಡೋದರಾದಲ್ಲಿ ಓದುವ ಮಗಳು ಅದಿತಿ ಬಂದಳು. ಗೂಡಿನ ಮೂಲೆಯಲ್ಲಿ ಉಳಿದಿದ್ದ ಹಿಂದಿನ ಸಲದ ಮೊಟ್ಟೆಯೊಂದನ್ನು ಒಡೆದು ನೋಡಿದಳು.

“ಅಪ್ಪಾ, ಒಳಗೆ ಫುಲ್ ಮರಿ ಇದೆ. ಹವಾ ಸೂಖಾ ಆಗಿ ಪೊರೆ ಒಣಗಿ ಅಂಟ್ಕೊಂಡಿದೆ, ಹೊರಗೆ ಬರೋಕೆ ಆಗಿಲ್ಲ ಅದಕ್ಕೆ. ಅಮ್ಮ ಇಲ್ಲಿ ನೀರು ಏನಾದ್ರೂ ಇಡ್ತಿದ್ಳಾ?”

“ಏನೂ ಇಡತಿರಲಿಲ್ಲವ್ವಾ. ಪಂಜರದ ಬಾಜೂಕ ಗಳ ಅದಲ್ಲ, ದಿನಾ ಮಡಿ ಸೀರಿ ಹಿಂಡಿ ಅಲ್ಲಿ ಹಾಕತಿದ್ಲು, ಅಷ್ಟ.”

ಹೇಳಿದವನೇ ಖಾಲಿ ಗಳದತ್ತ ನೋಡಿದ. ಅವನ ಬಟ್ಟೆಯೆಲ್ಲ ಈಗ ಲಾಂಡ್ರಿಗೆ ಹೋಗುತ್ತಿತ್ತು. ಐದು ತಿಂಗಳಿಂದ ಆ ಬಾಲ್ಕನಿಯಲ್ಲಿ ಒದ್ದೆ ಬಟ್ಟೆಯೇ ಇರಲಿಲ್ಲ.

ಅದಿತಿ ಟವಲ್ಲೊಂದನ್ನು ಅದ್ದಿ ಹರವಿದಳು. ಹೊಸ ಬಣ್ಣ ಕಂಡು ಹಕ್ಕಿ ಗೂಡು ಬಿಟ್ಟು ಹೊರಬಿದ್ದು ಕಿರುಚತೊಡಗಿತು. ಬೆಡ್‌ಶೀಟ್ ಹಾಕಿದರೂ ಅದೇ ಗತಿ. ಮೊಟ್ಟೆಗಳು ತಣ್ಣಗಾಗುತ್ತಿದ್ದವು.

ಭೀಮಸೇನ ಎದ್ದು ಕಪಾಟು ತೆರೆದ.

ಬಕೆಟ್ಟಿನಲ್ಲಿ ಸೀರೆ ಮುಳುಗಿಸಿದಾಗ ನೀರಿಗೆ ತುಸು ಕುಂಕುಮ ಬಿಟ್ಟಿತು. ಹಿಂಡಲು ಕೈ ಬರಲಿಲ್ಲ. ತೊಟ್ಟಿಕ್ಕುತ್ತಿದ್ದಂತೆಯೇ ಗಳಕ್ಕೆ ಹಾಕಿದ. ಹಕ್ಕಿ ಕತ್ತು ಓರೆ ಮಾಡಿ ನೋಡಿ, ಸುಮ್ಮನೆ ಒಳಗೆ ಹೋಗಿ ಕೂತಿತು.

ಆಮೇಲೆ ದಿನಾ ಬೆಳಿಗ್ಗೆ ಆ ಸೀರೆಯನ್ನೇ ಅದ್ದಿ ಹಾಕಿದ. ಒಂಬತ್ತನೆಯ ದಿನ ಗೂಡಿನೊಳಗೆ ಸಣ್ಣ ಚೀಂಗುಟ್ಟುವಿಕೆ ಕೇಳಿತು. ವಡೋದರಾಕ್ಕೆ ಮರಳಿದ್ದ ಮಗಳಿಗೆ ಫೋನು ಮಾಡಿ, “ಒಂದು ಬಂತವ್ವಾ” ಎಂದ. ಆಮೇಲೆ ಸೀರೆಯ ಸೆರಗನ್ನು ಮೂಗಿಗೆ ಹಿಡಿದ. ಬರೀ ನೀರಿನ ವಾಸನೆ. ಆಗ ಭೀಮಸೇನನಿಗೆ ಅಳು ಬಂತು.