ಹಾನಗಲ್ಲಿನ ನಾಯಿ ತೋರಿಸಿದ ಹಗೇವು

ದೆವ್ವ, ಗಾಳಿ ಎಂದು ಹೇಳಿಕೊಂಡು ಬಂದವರನ್ನು ಬೈದು ಕಳಿಸುತ್ತಿದ್ದವಳು ನಾನು. ಈಗಲೂ ನಂಬುವುದಿಲ್ಲ. ಆದರೆ ನನಗೇ ಆದದ್ದನ್ನು ಇಲ್ಲವೆನ್ನಲು ಬಾಯಿ ಬರುವುದಿಲ್ಲ. ಓದಿದ್ದು ಕಡಿಮೆ, ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಇಂಗ್ಲಿಷರ ಕಾಲ, ಯುದ್ಧ ನಡೆದಿತ್ತು. ಹಾನಗಲ್ಲಿನ ಫೌಜದಾರರು ಕಳ್ಳರ ಜಾಡು ಹಿಡಿಯಲು ಒಂದು ನಾಯಿ ಸಾಕಿದ್ದರು. ಹೆಸರು ಮೋತಿ. ಅದನ್ನು ಪಳಗಿಸಿದವನು ಸವಣೂರಿನ ಹುಸೇನಸಾಬ, ವಯಸ್ಸಾದ ಪೊಲೀಸ. ಇದು ಕೆಲಸಕ್ಕೆ ಬಂದರೆ ಶಿಗ್ಗಾಂವಿ, ಹಿರೇಕೆರೂರಿಗೂ ಇಂಥ ನಾಯಿ ಕೊಡಿಸಬೇಕೆಂಬುದು ಫೌಜದಾರರ ಆಸೆ. ಜನ ನಗುತ್ತಿದ್ದರು. ನಾನೂ ನಕ್ಕಿದ್ದೆ.

ನಮ್ಮದು ಆಡೂರು. ಆ ದಿನ ಬೆಳಿಗ್ಗೆ ಮಾವ ಹಿತ್ತಲಿನ ಹಗೇವಿಗೆ, ನೆಲದೊಳಗೆ ತೋಡಿದ ಕಣಜಕ್ಕೆ, ಜೋಳ ಸುರುವಿಸಿ, ಕುಳಿಯ ಬಾಯಿಗೆ ಹಾಸುಗಲ್ಲು ಎಳೆದು ಮಣ್ಣು ಮೆತ್ತಿಸಿದರು. ಮೇಲೆ ಸಗಣಿ ಸಾರಿಸಿದವಳು ನಾನು. ನನ್ನ ಮಗಳು ಗಂಗವ್ವ, ಇನ್ನೂ ಚಿಕ್ಕ ಕೂಸು, ಪಕ್ಕದಲ್ಲೇ ಕುಳಿತು ಹಸಿ ಸಗಣಿಯ ಮೇಲೆ ಅಂಗೈ ಒತ್ತಿದಳು. ಬೈದೆ, ಆದರೆ ಅಳಿಸಲಿಲ್ಲ. ಮಧ್ಯಾಹ್ನ ಆಗತಾನೆ ಬೀಸಿದ ಸಜ್ಜೆಯ ರೊಟ್ಟಿ ಉಣಿಸಿದೆ. ಆಮೇಲೆ ಅವಳು ಕಾಣಲಿಲ್ಲ.

ಬಾವಿ, ಕೆರೆ, ಬಣವೆ ಎಲ್ಲ ಹುಡುಕಿದರು. ನನ್ನ ಗಂಡ ಹಾನಗಲ್ಲಿಗೆ ಓಡಿದ. ಮರುದಿನ ಬೆಳಿಗ್ಗೆ ಮೋತಿ ಬಂತು. ಹುಸೇನಸಾಬ ಮಗಳ ಲಂಗ ಮೂಸಿಸಿದ. ನಾಯಿ ಅಡುಗೆಮನೆ ಸುತ್ತಿ, ಹಿತ್ತಲಿಗೆ ಹೋಗಿ, ಹಗೇವಿನ ಪಕ್ಕ ಕುಳಿತುಬಿಟ್ಟಿತು. ಬೀದಿಗೆ ಎಳೆದುಕೊಂಡು ಹೋದರೆ ಮತ್ತೆ ಅಲ್ಲಿಗೇ ಬಂತು.

“ನಿನ್ನ ನಾಯಿಗೆ ಹಸಿವ್ಯಾಗೇತಿ ಸಾಬ, ಜ್ವಾಳದ ವಾಸನಿಗೆ ಕುಂತೈತಿ,” ಎಂದರು ಮಾವ. “ಫೌಜದಾರ್ರಿಗೆ ಬೆಕ್ಕು ಸಾಕ್ರಿ ಅಂತ ಹೇಳು. ಇಲಿ ಆದ್ರೂ ಹಿಡೀತೈತಿ.”

“ಜ್ವಾಳ ತಿನ್ನೂ ನಾಯಿ ಅಲ್ರಿ ಇದು. ಒಮ್ಮೆ ತಗಸ್ರಿ,” ಎಂದ ಹುಸೇನಸಾಬ.

“ನಿನ್ನೆ ಮುಂಜಾನೆ ಮುಚ್ಚೇವಿ. ಕೂಸು ಮಧ್ಯಾಹ್ನ ಉಂಡೈತಿ. ಒಳಗ ಹೆಂಗ ಹೋಗ್ತೈತಿ?”

ಹುಸೇನಸಾಬ ನನ್ನ ಮುಖ ನೋಡಿದ. “ಖರೇನ ಯವ್ವಾ?”

“ಖರೇನರಿ. ನಾನ ಉಣಿಸೇನಿ,” ಎಂದೆ. ಆ ಮಾತಿನ ಮೇಲೆ ನಾಯಿಯನ್ನು ಕೆರೆಯ ಕಡೆಗೆ ಎಳೆದೊಯ್ದರು.

ಬಿಸಿಲೇರಿದಾಗ ಅದು ಹಗ್ಗ ಕಿತ್ತುಕೊಂಡು ಒಂದೇ ಬಂತು. ಕಲ್ಲಿನ ಅಂಚು ಕೆರೆಯತೊಡಗಿತು. ಉಗುರಿನಿಂದ ರಕ್ತ ಬಂದರೂ ಬಿಡಲಿಲ್ಲ. ನೋಡಲಾಗದೆ ಹಾರೆ ತಂದೆ. ನಾಯಿ ಕೆರೆದಷ್ಟು ಬಿಟ್ಟರೆ, ಸಾರಿಸಿದ ನನ್ನ ಬೆರಳಿನ ಗೆರೆಗಳು ಅಂಚಿನ ಮಣ್ಣಿನವರೆಗೂ ಹಾಗೇ ಇದ್ದವು, ನಡುವೆ ಅವಳ ಅಂಗೈಯ ಗುರುತು. ಅದರ ಮೇಲೆ ಹಾರೆ ಹಾಕಲು ಕೈ ಬರಲಿಲ್ಲ. ಅಂಚಿಗೆ ಹಾಕಿ ಮೀಟಿದೆ. ಮಾವ ಬೈಯುತ್ತಲೇ ಬಂದು ಕಲ್ಲಿಗೆ ಕೈ ಕೊಟ್ಟರು.

ಹಗೇವಿನೊಳಗಿನ ಗಾಳಿ ಕೆಟ್ಟದ್ದು, ಮೊದಲು ದೀಪ ಇಳಿಬಿಟ್ಟು ನೋಡುತ್ತಾರೆ. ದೀಪ ಆರುವ ಮೊದಲು ಜೋಳದ ಮೇಲೆ ಕೆಂಪು ಅಂಗಿ ಕಂಡಿತು. ಮೇಲೆ ತಂದಾಗ ಜೀವ ಇರಲಿಲ್ಲ. ಮುಷ್ಟಿ ಬಿಡಿಸಿದೆ. ಅರ್ಧ ಸಜ್ಜೆ ರೊಟ್ಟಿ.

ಆ ಹಗೇವಿಗೆ ಬೇರೆ ಬಾಯಿ ಇಲ್ಲ. ಮಾವ ಆಮೇಲೆ ಜೋಳವನ್ನೆಲ್ಲ ತೆಗೆಸಿ ಗೋಡೆ ತಟ್ಟಿ ನೋಡಿದರು, ಇಲಿಯ ತೂತೂ ಸಿಗಲಿಲ್ಲ. ಯಾರಾದರೂ ಕಲ್ಲೆತ್ತಿ ಮತ್ತೆ ಮುಚ್ಚಿದ್ದರೆ ಅಂಚಿನ ಮಣ್ಣು ಒಡೆದು ನನ್ನ ಬೆರಳಿನ ಗೆರೆಗಳು ತುಂಡಾಗುತ್ತಿದ್ದವು. ದುಃಖದಲ್ಲಿ ನನಗೆ ಬುದ್ಧಿ ಪಲ್ಲಟವಾಗಿದೆ ಎಂದರು ಕೆಲವರು. ಫೌಜದಾರರು ಮೇಲಿನವರಿಂದ ಇನ್ನಷ್ಟು ನಾಯಿ ಕೇಳುವಾಗ ನನ್ನ ಮಗಳ ಸಂಗತಿಯನ್ನೇ ಹೇಳಿದರಂತೆ.

ಕೆಲವು ವರ್ಷಗಳ ಮೇಲೆ ಹಾನಗಲ್ಲ ಸಂತೆಯಲ್ಲಿ ಹುಸೇನಸಾಬ ಸಿಕ್ಕ. “ನಿಮ್ಮ ನಾಯಿ ಖರೇ ಆತು. ಹಂಗಾರ ನಾ ಸುಳ್ಳೇನ್ರಿ?” ಎಂದು ಕೇಳಿದೆ.

“ನಾಯಿಗೆ ವಾಸನಿ ಗೊತ್ತ ಯವ್ವಾ, ಹೊತ್ತು ಗೊತ್ತಿಲ್ಲ,” ಎಂದ.

ನನಗೆ ಹೊತ್ತು ಗೊತ್ತು. ಹಗೇವು ಮುಚ್ಚಿಯಾಗಿತ್ತು, ಬಿಸಿಲು ಹೊಸ್ತಿಲು ದಾಟಿತ್ತು. ಮಗಳು ಇನ್ನೊಂದು ರೊಟ್ಟಿ ಕೇಳಿದಳು. ಹೊಟ್ಟೆ ನೋಯುತ್ತದೆ ಎಂದು ಅರ್ಧ ಮುರಿದು ಕೈಯಲ್ಲಿಟ್ಟೆ.