ಎರಡನೆಯ ಆಟ ಬರುವವರೆಗೆ

ಹತ್ತು ಜನ ಹೇಳಿದರೆಂಬ ಕಾರಣಕ್ಕೆ ನಾನು ಯಾವುದನ್ನೂ ನಂಬಿದವನಲ್ಲ. ಸಕಲೇಶಪುರದ ಸಮೀಪ ನಾನು ಲೆಕ್ಕ ಬರೆಯುವ ರೈಟರ್ ಆಗಿದ್ದ ಕಾಫಿ ಎಸ್ಟೇಟಿನ ಗೇಟಿನ ಬಳಿ ಅರ್ಧ ಹೂತ ಒಂದು ದುಂಡುಕಲ್ಲಿತ್ತು. ಅದು ಹಳೆಯ ಕೋಟೆಯಿಂದ ಹಾರಿಬಂದ ಫಿರಂಗಿ ಗುಂಡೆಂದು ಮೂರು ತಲೆಮಾರು ನಂಬಿ, ಅರಿಸಿನ ಕುಂಕುಮ ಹಚ್ಚಿತ್ತು. ಒಂದು ಭಾನುವಾರ ಮಣ್ಣು ಬಿಡಿಸಿ ಹೊರಳಿಸಿದೆ. ಬದಿಯಲ್ಲಿ ಅಚ್ಚು ಕೂರಿಸುವ ಕುಳಿಯಿತ್ತು. ರಸ್ತೆ ಗಟ್ಟಿಮಾಡುವ ಕಲ್ಲಿನ ರೋಲರಿನ ಮುರಿದ ತುಂಡು ಅದು. ಇದನ್ನು ಹೇಳಿದ್ದಕ್ಕಾಗಿ ಕೂಲಿ ಲೈನಿನ ಮನೆಗಳವರು ಒಂದು ತಿಂಗಳು ನನ್ನೊಡನೆ ಮಾತು ಬಿಟ್ಟಿದ್ದರು.

ಏಳನೆಯ ತರಗತಿಗೆ ಶಾಲೆ ಬಿಟ್ಟ ನನಗೆ ಇಂಗ್ಲಿಷ್ ಬಂದದ್ದು ಬಂಗಲೆಯಿಂದ ರದ್ದಿಗೆ ಬರುತ್ತಿದ್ದ ಪತ್ರಿಕೆಗಳಿಂದ. ಕಂಪ್ಯೂಟರ್ ಬಂದದ್ದು ಅದರ ಡಬ್ಬದೊಳಗಿದ್ದ ಕೈಪಿಡಿಯಿಂದ. ನೌಕರಿಯಲ್ಲಿ ನಾನು ಪಾಲಿಸಿದ ನಿಯಮ ಒಂದೇ. ಬಾಯಿಮಾತಿನ ಮೇಲೆ ಸ್ಟೋರಿನ ಬೀಗ ತೆರೆಯಕೂಡದು. ಮಾಲೀಕರೇ ಬಂದು ನಿಂತರೂ ರುಜು ಹಾಕಿದ ಚೀಟಿ ಬೇಕು. ಚೀಟಿ ಬಂದಮೇಲೆ ಮಾತ್ರ ಮರುಪ್ರಶ್ನೆ ಕೇಳಕೂಡದು.

ಘಾಟಿಯ ಹಳಿಗಳನ್ನು ಅಗಲಗೊಳಿಸಲೆಂದು ರೈಲು ನಿಲ್ಲಿಸಿದ್ದ ವರ್ಷಗಳವು. ನಿವೃತ್ತನಾದ ಹೊಸತರಲ್ಲಿ ನಾನು ಸಕಲೇಶಪುರ ಪೇಟೆಯ ಒಂದು ಕಂಪ್ಯೂಟರ್ ಸೆಂಟರಿಗೆ ಹೋಗಲಾರಂಭಿಸಿದೆ. ವ್ಯಾಪಾರಿ ಮನೆತನದ ಸೊಸೆಯೊಬ್ಬರು ತಮ್ಮ ಜವಳಿ ಅಂಗಡಿಯ ಮಹಡಿಯಲ್ಲಿ ಅದನ್ನು ನಡೆಸುತ್ತಿದ್ದರು. ವಾರದ ದಿನಗಳಲ್ಲಿ ಅಲ್ಲಿ ಟೈಪಿಂಗ್ ಪಾಠ. ಭಾನುವಾರ ಬೆಳಿಗ್ಗೆ ಯುದ್ಧ. ನಾಲ್ಕು ಯಂತ್ರಗಳನ್ನು ತಂತಿಯಿಂದ ಜೋಡಿಸಿ, ನಾಲ್ವರು ಒಂದೇ ತುಕಡಿಯಾಗಿ ಶತ್ರುವಿನ ಠಾಣ್ಯದ ಮೇಲೆ ನುಗ್ಗುವ ಆಟ. ಸೆಂಟರಿನ ಮೇಡಂ ನಮ್ಮಲ್ಲೆಲ್ಲ ಉತ್ತಮ ಗುರಿಗಾರ್ತಿ. ಕಾಫಿಬೀಜ ಹದಮಾಡುವ ಕ್ಯೂರಿಂಗ್ ಕಾರ್ಖಾನೆಯ ಗುಮಾಸ್ತರೊಬ್ಬರು ಎಲ್ಲರಿಗಿಂತ ಮೊದಲು ಸಾಯುವವರು. ನಾನು ಹಿಂದೆ ಉಳಿದು ನಕ್ಷೆ ನೋಡುವವನು. ನಾಯಕರು ಆಲೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಹವಾಲ್ದಾರರು.

ಹವಾಲ್ದಾರರು ಸೈನ್ಯದ ಫಿರಂಗಿ ದಳದಲ್ಲಿದ್ದು ಎರಡು ಕಿವಿಗಳನ್ನೂ ಅಲ್ಲೇ ಬಿಟ್ಟು ಬಂದವರು. ತಾವು ಸ್ಪಷ್ಟವಾಗಿ ಮಾತನಾಡುತ್ತಿದ್ದರು. ಎದುರಿನವರ ಮಾತನ್ನು ತುಟಿ ನೋಡಿ ಇಲ್ಲವೇ ಚೀಟಿ ಓದಿ ತಿಳಿಯುತ್ತಿದ್ದರು. ಆ ಆಟದಲ್ಲಿ ರೇಡಿಯೊದ ಪ್ರತಿಯೊಂದು ಆಜ್ಞೆಯೂ ಪರದೆಯ ಕೆಳಗೆ ಅಕ್ಷರಗಳಲ್ಲಿ ಮೂಡುತ್ತಿತ್ತು. ಗುಂಡಿನ ಸದ್ದಿಗೆ ನಾವು ಮೂವರೂ ಗಾಬರಿಗೊಂಡಾಗ ಅವರೊಬ್ಬರೇ ತಣ್ಣಗೆ ಓದಿ, ಎಡಕ್ಕೋ ಬಲಕ್ಕೋ ಕೈ ತೋರಿಸುತ್ತಿದ್ದರು. ಅವರ ಕಿವಿಯ ಬಳಿಗೆ ಬಾಯಿ ತಂದು ಯಾರೂ ಕೂಗದಿದ್ದ ಜಾಗ ಬಹುಶಃ ಅದೊಂದೇ.

ಆ ಆಟದ ಎರಡನೆಯ ಭಾಗ ಬರಲಿದೆಯೆಂಬ ಸುದ್ದಿಯನ್ನು ತಂದವರು ಗುಮಾಸ್ತರು. ಹಾಸನದಿಂದ ತರಿಸಿದ ಕಂಪ್ಯೂಟರ್ ಪತ್ರಿಕೆಯಲ್ಲಿ ನಾಲ್ಕು ಪುಟಗಳ ವರ್ಣಚಿತ್ರಗಳಿದ್ದವು. ಶತ್ರುಗಳು ಇನ್ನು ಮುಂದೆ ತಾವೇ ಯೋಚಿಸುವರಂತೆ. ಕಾಡು ನಿಜವಾದ ಕಾಡಂತೆ. ನಿಜವಾದ ಸೈನಿಕರ ಸಲಹೆ ಪಡೆದು ಮಾಡಿದ್ದಂತೆ. ಈ 'ಅಂತೆ'ಗಳನ್ನೆಲ್ಲ ನಾನು ಒಂದು ನೋಟ್‌ಬುಕ್ಕಿನಲ್ಲಿ ಸಾಲಾಗಿ ಬರೆದು, ಎದುರಿಗೆ ಜಾಗ ಖಾಲಿ ಬಿಟ್ಟೆ.

ಕಾಡಿನ ಚಿತ್ರವನ್ನು ಭೂತಗನ್ನಡಿಯಲ್ಲಿ ನೋಡಿದೆ. ಒಂದೇ ಮರವನ್ನು ನಲವತ್ತು ಸಲ ನೆಟ್ಟಿದ್ದರು. ಮುರಿದ ಕೊಂಬೆಯೂ ಅದೇ ಎತ್ತರದಲ್ಲಿ, ಅದೇ ದಿಕ್ಕಿಗೆ.

"ಎಡಕುಮೇರಿ ಕಾಡಿನ ಕಡೆ ಒಂದ್ಸಲ ನಡ್ದಿದ್ರೆ ಈ ಚಿತ್ರ ಬರೀತಿರ್ಲಿಲ್ಲ," ಎಂದೆ. "ರಕ್ತ ಹೀರೋಕೆ ಒಂದ್ ಇಂಬಳ ಇಲ್ಲ ಈ ಕಾಡಲ್ಲಿ."

"ಅಯ್ಯೋ ಮಾರಾಯ್ರೇ, ಆಟ ಕಣ್ರೀ ಇದು, ಫಾರೆಸ್ಟ್ ಸರ್ವೆ ಅಲ್ಲ!" ಗುಮಾಸ್ತರು ಪತ್ರಿಕೆಯನ್ನು ಕಿತ್ತುಕೊಂಡರು. "ನಿಮ್ಗೆ ಹೊಟ್ಟೆನೋವು ಬಂದ್ರೂ ವೋಚರ್ ಕೇಳೋರು ನೀವು."

ಮೇಡಂ ನಕ್ಕು ಪತ್ರಿಕೆಯನ್ನು ಹವಾಲ್ದಾರರ ಮುಂದಿಟ್ಟರು. ಅವರು ಚಿತ್ರದೊಳಗಿನ ಸೈನಿಕನ ಕೈಯನ್ನು ಬೆರಳಿನಿಂದ ಮುಟ್ಟಿದರು. "ಟ್ರಿಗರ್ ಮ್ಯಾಲೆ ಬೆರಳಿಟ್ಕೊಂಡು ಓಡ್ತಾವ್ನಲ್ಲ ಇವ್ನು? ಮುಗ್ಗರಿಸಿದ್ರೆ ಮುಂದಿರೋನು ಹೋದ. ಇದ್ಯಾವ ಸೈನಿಕ ಹೇಳ್ಕೊಟ್ಟ?" ಸ್ವಲ್ಪ ತಡೆದು, "ಆದ್ರೂ ಬರ್ಲಿ, ನೋಡೇ ಬುಡಾನ," ಎಂದರು.

ಹೀಗೆ ನಾಲ್ಕೈದು ತಿಂಗಳು ಕಳೆದವು. ಗುಮಾಸ್ತರಿಗೆ ಪ್ರತಿ ಸಂಚಿಕೆಯೂ ಹಬ್ಬ. ನನಗೆ ಅದು ತನಿಖೆಯ ಕಡತ. ಮೊದಲ ತಿಂಗಳು ಹೇಳಿದ್ದ ದೋಣಿಗಳು ಮೂರನೆಯ ತಿಂಗಳಲ್ಲಿ ಮಾಯವಾಗಿದ್ದುದನ್ನು ತೋರಿಸಿದೆ. ಬಿಡುಗಡೆಯ ದಿನ ಎರಡು ಸಲ ಮುಂದೆ ಹೋದಾಗ, "ಫಸಲು ಇದ್ದಿದ್ರೆ ಇಷ್ಟೊತ್ತಿಗೆ ಕಣದಲ್ಲಿ ಇರ್ಬೇಕಿತ್ತು," ಎಂದು ಗುಮಾಸ್ತರನ್ನು ಕೆಣಕಿದೆ. ಆದರೆ ಪತ್ರಿಕೆ ತಡವಾದ ವಾರ ಬಸ್ ನಿಲ್ದಾಣದ ಪುಸ್ತಕದಂಗಡಿಗೆ ಎರಡು ಸಲ ಹೋಗಿ ವಿಚಾರಿಸಿದವನೂ ನಾನೇ. ಅನುಮಾನಪಡುವವನು ಕಾಯುವುದಿಲ್ಲವೆಂದು ತಿಳಿಯಬಾರದು. ಅವನು ಹೆಚ್ಚು ಕಾಯುತ್ತಾನೆ.

ಇಷ್ಟು ದಿನಗಳಲ್ಲಿ ಹವಾಲ್ದಾರರು ಕೇಳಿದ ಪ್ರಶ್ನೆ ಒಂದೇ.

"ರೈಟ್ರೇ, ಕೆಳಗಡೆ ಅಕ್ಷರ ಬತ್ತದಾ?"

ಯಾವ ಪುಟದಲ್ಲಿಯೂ ಅದಕ್ಕೆ ಉತ್ತರವಿರಲಿಲ್ಲ. ಹೊಸ ಆಟದಲ್ಲಿ ಆಜ್ಞೆಗಳೆಲ್ಲ ನಟರ ಕಂಠದಲ್ಲಿ ಕೇಳಿಬರುತ್ತವೆಂದು ಮಾತ್ರ ಕೊಂಡಾಡಿದ್ದರು. ಗುಮಾಸ್ತರು, "ಇದ್ದೇ ಇರ್ತದೆ ಬುಡ್ರಿ, ಹಳೇದ್ರಲ್ಲಿ ಇರ್ಲಿಲ್ವಾ?" ಎಂದರು. ಅಂಥ ಮಾತು ನನಗೆ ಸಾಲದು. ಆಟವನ್ನು ನಮ್ಮ ಕಡೆ ಮಾರುತ್ತಿದ್ದ ಕಂಪನಿಯ ವಿಳಾಸವನ್ನು ಪತ್ರಿಕೆಯ ಮೂಲೆಯಿಂದ ಹೆಕ್ಕಿ, ಇಂಗ್ಲಿಷಿನಲ್ಲಿ ಪತ್ರ ಬರೆದು ರಿಜಿಸ್ಟರ್ ಮಾಡಿದೆ. ನಮ್ಮ ನಾಯಕರಿಗೆ ಕಿವಿ ಕೇಳಿಸದು. ಮೊದಲ ಆಟದಲ್ಲಿದ್ದಂತೆ ಎರಡನೆಯದರಲ್ಲಿಯೂ ಮಾತುಗಳು ಬರಹದಲ್ಲಿ ಇರುತ್ತವೆಯೇ, ಹೌದು ಅಥವಾ ಇಲ್ಲವೆಂದು ತಿಳಿಸಬೇಕು ಎಂದು ಕೇಳಿದೆ.

ಮೂರು ವಾರಗಳ ನಂತರ ಉತ್ತರ ಬಂತು. ಟೈಪು ಮಾಡಿದ ಕಾಗದ, ನೀಲಿ ಶಾಯಿಯ ರುಜು, ಮೊಹರು. ಇರುತ್ತವೆ ಎಂದು ನೇರವಾಗಿ ಬರೆದಿದ್ದರು. ಜೊತೆಗೆ, ನಿಮ್ಮ ನಾಯಕರಿಗೆ ನಮ್ಮ ವಂದನೆ ಎಂಬ ಒಂದು ಸಾಲು.

ಆ ದಿನ ನಾನು ನೋಟ್‌ಬುಕ್ಕಿನ ಒಂದು ಖಾಲಿ ಜಾಗ ತುಂಬಿದೆ.

ಅದೇ ಸಮಯದಲ್ಲಿ ಮೇಡಂ ಹಳೆಯ ಯಂತ್ರಗಳನ್ನು ಹಾಸನದ ಅಂಗಡಿಯೊಂದಕ್ಕೆ ಕೊಟ್ಟು ಹೊಸವನ್ನು ತರಿಸಲು ನಿಶ್ಚಯಿಸಿದ್ದರು. ಹೊಸ ಆಟವನ್ನು ಹೊರುವ ಶಕ್ತಿ ಹಳೆಯವಕ್ಕಿರಲಿಲ್ಲ. ಹಳೆಯ ಆಟವೋ ಹೊಸ ಯಂತ್ರಗಳಲ್ಲಿ ಏಳುವಂತಿರಲಿಲ್ಲ. ಅವರು ನನ್ನನ್ನು ಪಕ್ಕಕ್ಕೆ ಕರೆದರು.

"ರೈಟರ್ ಸಾರ್, ಎರಡು ಹಳೇ ಸಿಸ್ಟಮ್ ಮೂಲೇಲಿ ಇಟ್ಕೊಳ್ಳೋಣ್ವಾ? ಅಕಸ್ಮಾತ್ ಹೊಸದು ಹವಾಲ್ದಾರ್ರಿಗೆ ಒಗ್ಗದೇ ಹೋದ್ರೆ, ಇದಾದ್ರೂ ಇರ್ಲಿ."

ನಾನು ಪತ್ರವನ್ನು ಅವರ ಮೇಜಿನ ಮೇಲಿಟ್ಟೆ. "ಅಕಸ್ಮಾತ್ ಅನ್ನೋದಕ್ಕೆ ಜಾಗ ಎಲ್ಲಿದೆ ಇದ್ರಲ್ಲಿ? ಮೊಹರು ನೋಡಿ."

"ನೀವೇ ಹಿಂಗಂದ್ರೆ ಇನ್ನೇನು," ಎಂದು ಅವರು ಒಪ್ಪಿದರು. ಹವಾಲ್ದಾರರು ಆ ಕಾಗದವನ್ನು ಎರಡು ಸಲ ಓದಿ, ಮಡಿಕೆ ಕೆಡದಂತೆ ಹಿಂದಿರುಗಿಸಿದರು. "ನೀವು ಒಪ್ಪಿದ್ರಿ ಅಂದ್ಮೇಲೆ ಮುಗೀತು ಬುಡಿ. ತಗಂಡೋಗ್ಲಿ." ಮರುವಾರ ನಾಲ್ಕೂ ಹಳೆಯ ಯಂತ್ರಗಳು ವ್ಯಾನು ಹತ್ತಿ ಹೋದವು. ಮೆಟ್ಟಿಲಲ್ಲಿ ಒಂದು ತುದಿಗೆ ಕೈ ಹಚ್ಚಿ ಇಳಿಸಿದವರಲ್ಲಿ ಹವಾಲ್ದಾರರೂ ಇದ್ದರು.

ಆಟದ ಡಬ್ಬ ಒಂದು ಶನಿವಾರ ಹಾಸನದ ಬಸ್ಸಿನಲ್ಲಿ, ಕಂಡಕ್ಟರರ ಕೈಯಲ್ಲಿ ಬಂತು. ಹಿಂಬದಿಯ ಸಣ್ಣಕ್ಷರಗಳನ್ನೆಲ್ಲ ಓದಿದೆ. ಬರಹದ ವಿಷಯ ಅಲ್ಲಿರಲಿಲ್ಲ. ಡಬ್ಬದ ಮೇಲೆ ಎಲ್ಲವನ್ನೂ ಮುದ್ರಿಸಲಾಗದೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಬೇರೆ ಯಾರಾದರೂ ಹಾಗೆ ಹೇಳಿದ್ದರೆ ಅವರನ್ನು ಸುಮ್ಮನೆ ಬಿಡುತ್ತಿರಲಿಲ್ಲ.

ಮರುದಿನ ಹವಾಲ್ದಾರರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮೊದಲ ಬಸ್ಸಿಗೇ ಬಂದರು. ನಾಲ್ವರೂ ಕುಳಿತೆವು. ಕತ್ತಲೆ ತಿಳಿಯಾಗಿ, ಹೆಲಿಕಾಪ್ಟರಿನೊಳಗೆ ಅಧಿಕಾರಿಯೊಬ್ಬ ತಿರುಗಿ ಮಾತನಾಡತೊಡಗಿದ. ಅವನ ಮುಖಕ್ಕೆ ಕಣ್ಣಿನವರೆಗೆ ಬಟ್ಟೆ ಕಟ್ಟಿತ್ತು. ತುಟಿ ಕಾಣುವಂತಿರಲಿಲ್ಲ. ಪರದೆಯ ಕೆಳಗೆ ಏನೂ ಮೂಡಲಿಲ್ಲ.

ಹವಾಲ್ದಾರರು ನನ್ನತ್ತ ನೋಡಿದರು. "ಇರಿ, ಎಲ್ಲೋ ಗುಂಡಿ ಒತ್ತಬೇಕಿರಬಹುದು," ಎಂದು ಕೈಸನ್ನೆ ಮಾಡಿ, ಆಟ ನಿಲ್ಲಿಸಿ, ಅದರ ಸೆಟ್ಟಿಂಗ್ಸ್ ಪಟ್ಟಿಗಳನ್ನೆಲ್ಲ ತೆರೆದೆ. ನೆರಳಿನ ಗಾಢತೆಗೊಂದು ಆಯ್ಕೆ. ಹುಲ್ಲಿನ ಎತ್ತರಕ್ಕೊಂದು. ನೆತ್ತರು ಎಷ್ಟು ಚಿಮ್ಮಬೇಕೆಂಬುದಕ್ಕೂ ಒಂದು. ಬರಹಕ್ಕೆ ಇಲ್ಲ. ಕೈಪಿಡಿಯನ್ನು ಮೊದಲಿನಿಂದ ಕೊನೆಯವರೆಗೆ ತಿರುವಿಹಾಕಿದೆ. ಮೇಡಂ ನನ್ನ ಮುಖವನ್ನು ನೋಡದೆ ಕೀಲಿಮಣೆಯನ್ನು ಒರೆಸುತ್ತಿದ್ದರು.

ನಾನು ಸುಲಭಕ್ಕೆ ಸೋಲೊಪ್ಪುವವನಲ್ಲ. ಹವಾಲ್ದಾರರ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, ಕೇಳಿದ ಆಜ್ಞೆಯನ್ನು ದೊಡ್ಡಕ್ಷರಗಳಲ್ಲಿ ಬರೆದು ಹಿಡಿಯತೊಡಗಿದೆ. 'ಎಡಗಡೆ ಗೋಡೆ, ಹಿಂದೆ ಇಬ್ಬರು' ಎಂದು ಬರೆದು ಮುಗಿಸುವಷ್ಟರಲ್ಲಿ ಆ ಇಬ್ಬರು ಅವರನ್ನು ಕೊಂದಾಗಿತ್ತು. ಮತ್ತೆ ಆರಂಭಿಸಿದೆವು. ಈ ಸಲ ಬರೆಯದೆ ಭುಜ ತಟ್ಟಿದೆ. ಎಡಭುಜವೆಂದರೆ ಎಡಕ್ಕೆ, ಬಲಭುಜವೆಂದರೆ ಬಲಕ್ಕೆ. ಗುಮಾಸ್ತರೂ ಉಮೇದಿನಿಂದ ಇನ್ನೊಂದು ಪಕ್ಕದಿಂದ ತಟ್ಟತೊಡಗಿದರು. ಐದು ನಿಮಿಷವೂ ಆಗಿರಲಿಲ್ಲ. ಹವಾಲ್ದಾರರು ಭುಜ ಕೊಡವಿಕೊಂಡು ಎದ್ದರು.

"ಏನ್ರಪ್ಪ, ನಾನೇನು ನೊಗ ಹೊತ್ತ ಎತ್ತಾ, ನೀವಿಬ್ರೂ ಸೇರ್ಕೊಂಡು ಹೊಡ್ಕೊಂಡೋಗಕ್ಕೆ?"

ಮೇಡಂ ಕಾಫಿ ತರಿಸುವೆನೆಂದು ಸನ್ನೆ ಮಾಡಿದರು. "ಬ್ಯಾಡಮ್ಮ. ಬಸ್ಸೈತೆ," ಎಂದು ಅವರು ಮೆಟ್ಟಿಲಿಳಿದರು. ಆಲೂರಿನ ಬಸ್ಸಿಗೆ ಇನ್ನೂ ಒಂದು ಗಂಟೆಯಿತ್ತು.

ಇದನ್ನು ಬರೆಯದೆ ಬಿಟ್ಟರೆ ಈ ವೃತ್ತಾಂತವೂ ಕಂಪನಿಯ ಆ ಪತ್ರದ ಜಾತಿಗೇ ಸೇರುತ್ತದೆ: ಅವರು ಹೋದಮೇಲೆ ನಾನು ಎದ್ದು ಬರಲಿಲ್ಲ. ತಪ್ಪೆಲ್ಲಿದೆಯೆಂದು ಪರೀಕ್ಷಿಸುವ ನೆಪದಿಂದ ಕುಳಿತು, ಮಧ್ಯಾಹ್ನದವರೆಗೆ ಆಡಿದೆ. ಶತ್ರುಗಳು ನಿಜಕ್ಕೂ ಯೋಚಿಸುತ್ತಿದ್ದರು. ಹಿಂದಿನಿಂದ ಸುತ್ತಿ ಬರುತ್ತಿದ್ದರು. "ಚೆನ್ನಾಗೈತಲ್ವಾ ರೈಟ್ರೇ?" ಎಂದು ಗುಮಾಸ್ತರು ಕೇಳಿದಾಗ ನಾನು ಇಲ್ಲವೆನ್ನಲಿಲ್ಲ.

ಕಂಪನಿಗೆ ಮತ್ತೆ ಬರೆದೆ. ಅವರದೇ ಪತ್ರದ ಪ್ರತಿ ಲಗತ್ತಿಸಿದೆ. ಉತ್ತರವಿಲ್ಲ. ಇನ್ನೊಮ್ಮೆ ಬರೆದೆ. ಬಂದದ್ದು ಪತ್ರಿಕೆಯ ಹೊಸ ಸಂಚಿಕೆ ಮಾತ್ರ. ಯುದ್ಧಭೂಮಿಯ ಸದ್ದನ್ನು ಇಷ್ಟು ನೈಜವಾಗಿ ಹಿಂದೆಂದೂ ಯಾರೂ ಕೇಳಿಸಿರಲಿಲ್ಲವೆಂದು ಅದರಲ್ಲಿ ಹೊಗಳಿದ್ದರು. ಹಳೆಯ ಯಂತ್ರಗಳನ್ನು ಮರಳಿ ಪಡೆಯಲು ಹಾಸನಕ್ಕೆ ಹೋದೆ. ಅಂಗಡಿಯವರು ಅವುಗಳನ್ನು ಆಗಲೇ ಬಿಚ್ಚಿ ಬಿಡಿಭಾಗ ಮಾಡಿ ಮಾರಿಬಿಟ್ಟಿದ್ದರು. ಹವಾಲ್ದಾರರು ಮೂರು ಭಾನುವಾರ ಬರಲಿಲ್ಲ.

ನಾಲ್ಕನೆಯ ವಾರ ನಾನೇ ಆಲೂರಿಗೆ ಹೋದೆ. ಕಂಪನಿಗೆ ಬರೆದಿದ್ದ ಒಂದು ಪುಟದ ಖಂಡನಾಪತ್ರದ ನಕಲು ಜೇಬಿನಲ್ಲಿತ್ತು. ಮೋಸಹೋದವನು ನಾನೆಂಬುದಕ್ಕೆ ಅದೇ ಪುರಾವೆ; ಅದನ್ನು ಅವರು ಓದಬೇಕೆಂದು ನನ್ನ ಆಸೆ.

ಅವರು ಜಗಲಿಯಲ್ಲಿ ಕುಳಿತು ಒಣಗಿದ ಕಾಳುಮೆಣಸಿನಿಂದ ಕಡ್ಡಿ ಹೆಕ್ಕುತ್ತಿದ್ದರು. ಚಾಪೆ ಹಾಸಿದರು. ಮನೆಯವರು ಕಾಫಿ ತಂದಿಟ್ಟರು. ನಾನು ತುಟಿಗಳನ್ನು ಬಿಡಿಸಿ ಬಿಡಿಸಿ, "ಕಂಪ್ನಿಯೋರು ನಮ್ಗೆ ಮೋಸ ಮಾಡಿದ್ರು," ಎಂದೆ.

"ಕಂಪ್ನಿಯೋರ್ನ ನಾನೆಲ್ಲಿ ಕಂಡಿದ್ದೆ ರೈಟ್ರೇ?" ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಅವ್ರ ಕಾಗ್ದ ನಂಬಿ ನಾನು ಹಳೇದ್ನ ಕೊಡ್ಲಿಲ್ಲ. ಊರೆಲ್ಲ ನಂಬಿದ್ರೂ ನಂಬದಿರೋ ಮನ್ಷ ನೀವು. ಆ ಮನ್ಷನೇ ನಂಬವ್ನೆ ಅಂತ ಕೊಟ್ಟೆ."

ನಾನು ಕಾಫಿ ಲೋಟವನ್ನು ಕೆಳಗಿಟ್ಟೆ. ಅವರು ಇನ್ನೊಂದು ಹಿಡಿ ಮೆಣಸನ್ನು ಮೊರಕ್ಕೆ ಸುರಿದುಕೊಂಡು, ಅದನ್ನೇ ನೋಡುತ್ತ ಕೇಳಿದರು:

"ಆಟ ಹೆಂಗೈತೆ? ಆಡ್ತಿದೀರಲ್ಲ ನೀವೆಲ್ಲ."

ಅವರು ನನ್ನ ತುಟಿಯತ್ತ ನೋಡುತ್ತಿರಲಿಲ್ಲ. ಉತ್ತರವನ್ನು ಬರೆದೇ ಕೊಡಬೇಕಿತ್ತು. ಜೇಬು ತಡಕಿದೆ. ಆ ನಕಲನ್ನು ಬಿಟ್ಟರೆ ಬೇರೆ ಕಾಗದವಿರಲಿಲ್ಲ. ಅದನ್ನು ಮಗುಚಿ, ಖಾಲಿ ಬದಿಯಲ್ಲಿ 'ಆಡುತ್ತಿದ್ದೇವೆ. ಚೆನ್ನಾಗಿದೆ' ಎಂದು ಬರೆದು ಅವರ ಮುಂದೆ ಹಿಡಿದೆ.

ಅವರು ಮೆಣಸಿನ ಧೂಳು ಒರೆಸಿಕೊಂಡು ಓದಿದರು. ತಲೆಯಾಡಿಸಿ, ಕಾಗದವನ್ನು ಮಡಿಸಿ ನನ್ನ ಕೈಗೇ ಕೊಟ್ಟರು. ಇನ್ನೊಂದು ಬದಿಯಲ್ಲಿ ಏನಿದೆಯೆಂದು ತಿರುಗಿಸಿ ನೋಡಲಿಲ್ಲ.